ಟಿಕೆಟ್ ತಗೊಂಡರೆ ದೆವ್ವ, ಪುಕ್ಕಟೆಯಾದರೆ ಉಪದೇಶ

ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಇನ್ನೂ ತಾಲ್ಲೂಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದು ಯಾವತ್ತೋ ಜಿಲ್ಲೆ. ರಾಜ್ಯದಲ್ಲಿರುವ ಜಿಲ್ಲೆಗಳು 31. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಾತ್ರ ಅವು 35 ಆಗುತ್ತವೆ. ಹಾಗೆ ಹೆಚ್ಚುವರಿಯಾಗಿ ಹುಟ್ಟಿಕೊಳ್ಳುವ ಶೈಕ್ಷಣಿಕ ಜಿಲ್ಲೆಗಳಲ್ಲಿ ನಮ್ಮದೂ ಒಂದು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ಜಿಲ್ಲೆಗೆ ಜಿಲ್ಲಾಧಿಕಾರಿ ಇಲ್ಲ, ಎಸ್ಪಿ ಇಲ್ಲ, ಉಸ್ತುವಾರಿ ಸಚಿವರಂತೂ ಇಲ್ಲವೇ ಇಲ್ಲ. ಇರುವುದು ಉಪನಿರ್ದೇಶಕರ ಕಚೇರಿ, ಮತ್ತೆ ಮಕ್ಕಳು. ಇಲ್ಲಿ ಕಡಲೆಕಾಯಿ ಚೆನ್ನಾಗಿ ಬಂದರೆ ಅದು ತುಮಕೂರು ಜಿಲ್ಲೆಯ ಬೆಳೆ. ಹುಡುಗ ಫೇಲಾದರೆ ಮಾತ್ರ ಮಧುಗಿರಿ ಜಿಲ್ಲೆಯವನು.

ಮಕ್ಕಳನ್ನು ಬಿಟ್ಟರೆ ಬೇರೆ ಹುಟ್ಟುವಳಿಯೇ ಇಲ್ಲದ ಜಿಲ್ಲೆಯಲ್ಲಿ ಹದಿಹರೆಯದವರಿಗೆ ಬುದ್ಧಿ ಹೇಳುವುದು ಗುಡಿ ಕೈಗಾರಿಕೆಯಾಗಿ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ. ಈ ಕೈಗಾರಿಕೆಯಲ್ಲಿ ಮೊದಲಿಂದಲೂ ಎರಡು ಬಗೆಯ ಸರಕು. ಒಂದು ದೆವ್ವ–ರಾಕ್ಷಸರ ಸಿನಿಮಾ, ಇನ್ನೊಂದು ಬುದ್ಧಿ ಹೇಳುವ ಸಿನಿಮಾ. ಎರಡೂ ಅಗ್ಗದವು. ಎರಡರಲ್ಲೂ ಹೆದರಿಸುವುದೇ ಕಸುಬು. ದೆವ್ವದವನು ಟಿಕೆಟ್ಟಿಗೆ ದುಡ್ಡು ಇಸಿದುಕೊಂಡಿದ್ದರಿಂದ ಹೇಗಾದರೂ ಮಾಡಿ ನಮ್ಮನ್ನು ಕೂರಿಸಬೇಕಿತ್ತು. ಬುದ್ಧಿ ಹೇಳುವವನಿಗೆ ಅಂಥ ದರ್ದು ಇರಲಿಲ್ಲ. ಬಾಗಿಲು ಹಾಕಿಕೊಳ್ಳುವ ಅಧಿಕಾರ ಅವನಿಗಿತ್ತು.

ಸಿನಿಮಾಕ್ಕಿಂತ ಮೊದಲೂ ನಮ್ಮ ಕಡೆಯ ರಾಕ್ಷಸರಿಗೆ ದೊಡ್ಡ ಬಜೆಟ್ಟೇನೂ ಇರಲಿಲ್ಲ. ಮೂಡಲಪಾಯ ಬಯಲಾಟದ ರಾಕ್ಷಸ ರಂಗಕ್ಕೆ ಬರುವ ಮುಂಚೆ ಪರದೆಯ ಹಿಂದೆಯೇ ಅಬ್ಬರಿಸುತ್ತಾನೆ. ಮುಖಕ್ಕೆ ಕೆಂಪು, ಅದರ ಮೇಲೆ ಬಿಳಿ ಗೆರೆ, ತಲೆಗೆ ಕಿರೀಟ, ಕಾಲಿಗೆ ಗೆಜ್ಜೆ. ಮುಂದಿನ ಸಾಲಿನಲ್ಲಿ ಕೂತ ಹುಡುಗರು ಅಮ್ಮನ ಸೆರಗಿಗೆ ಓಡುತ್ತಾರೆ. ಬೆಳಗಿನ ಜಾವ ಅದೇ ರಾಕ್ಷಸ ಅರ್ಧ ಬಣ್ಣ ಅಳಿಸಿಕೊಂಡು, ಹೊಲಕ್ಕೆ ಗೊಬ್ಬರ ಹೊಡೆಯಬೇಕಲ್ಲಾ ಎಂದು ಗೊಣಗುತ್ತಾ ಟೀ ಕುಡಿಯುತ್ತಿರುತ್ತಾನೆ. ಹುಡುಗರು ಅದನ್ನೂ ನೋಡುತ್ತಾರೆ. ಅಬ್ಬರಿಸುವವರೆಲ್ಲ ಸೂರ್ಯ ಹುಟ್ಟಿದ ಮೇಲೆ ನಮ್ಮ ಪಕ್ಕದ ಮನೆಯವರೇ ಎನ್ನುವುದು ಅಲ್ಲಿ ಸಿಗುತ್ತಿದ್ದ ಶಿಕ್ಷಣ. ಇದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಚೊಕ್ಕಟವಾಗಿ ಹೇಳಿಲ್ಲ.

ಸಿನಿಮಾದಲ್ಲಿ ಈ ಕಸುಬನ್ನು ಮೇಲೆತ್ತಿದವರು ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನವರು. ಹೆಸರು ಮಹಾತ್ಮ, ತೆಗೆದದ್ದು 1949ರಲ್ಲಿ ‘ನಾಗಕನ್ನಿಕ’, 1951ರಲ್ಲಿ ‘ಜಗನ್ಮೋಹಿನಿ’. ಸಂಸ್ಥೆಯ ಹೆಸರಿನಲ್ಲಿ ಉಪದೇಶ, ಚಿತ್ರದ ಹೆಸರಿನಲ್ಲಿ ವ್ಯಾಪಾರ: ಇಷ್ಟು ಪ್ರಾಮಾಣಿಕವಾದ ವಿಂಗಡಣೆಯನ್ನು ಈಗಿನ ಖಾಸಗಿ ಶಾಲೆಗಳವರೂ ಮಾಡಿಲ್ಲ. ಡಿ. ಶಂಕರ್‌ಸಿಂಗ್ ಜೊತೆ ಆ ಸಂಸ್ಥೆಯಲ್ಲಿ ಪಾಲುದಾರರಾಗಿದ್ದವರು ಉಡುಪಿ ಸೀಮೆಯ ಉದ್ಯಾವರದ ಬಿ. ವಿಠಲಾಚಾರ್ಯ. ಮುಂದೆ ಅವರು ಮದರಾಸಿಗೆ ಹೋಗಿ ತೆಲುಗಿನ ಜಾನಪದ ಬ್ರಹ್ಮನಾದರು. ನಮ್ಮವರೇ ತಯಾರಿಸಿದ ದೆವ್ವ ಭಾಷೆ ಬದಲಿಸಿಕೊಂಡು ಆಂಧ್ರದ ಕಡೆಯಿಂದ ಮತ್ತೆ ನಮ್ಮ ಗಡಿಗೇ ಬಂತು. ಮೂರು ಕಡೆ ಆಂಧ್ರವನ್ನೇ ಹೊದ್ದುಕೊಂಡು, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಪಾವಗಡದವರಿಗೆ ಆ ದೆವ್ವದ ಮಾತು ಅರ್ಥ ಮಾಡಿಸುವುದಕ್ಕೆ ಯಾರೂ ಬೇಕಿರಲಿಲ್ಲ.

ವಿಠಲಾಚಾರ್ಯರ 1978ರ ತೆಲುಗು ‘ಜಗನ್ಮೋಹಿನಿ’ಯಲ್ಲಿ ಒಂದು ದೃಶ್ಯವಿದೆ. ಸೊಸೆಯ ರೂಪದಲ್ಲಿ ಮನೆ ಸೇರಿದ ದೆವ್ವ ಒಲೆ ಮುಂದೆ ಕೂತು, ಸೌದೆಯ ಬದಲು ತನ್ನ ಕಾಲನ್ನೇ ಒಲೆಗಿಟ್ಟು ಅಡುಗೆ ಮಾಡುತ್ತದೆ. ನೋಡಿದವರು ಇವತ್ತಿಗೂ ಮರೆತಿಲ್ಲ. ಗ್ರಾಫಿಕ್ಸ್ ಇಲ್ಲ, ಕಂಪ್ಯೂಟರ್ ಇಲ್ಲ. ಒಂದು ಒಲೆ, ಒಂದು ಕಾಲು, ಒಂದಿಷ್ಟು ಬೆಂಕಿ. ಹೊರೆ ಸೌದೆಗೆ ಮೈಲಿಗಟ್ಟಲೆ ನಡೆಯುತ್ತಿದ್ದ ಹೆಂಗಸರು ಆ ದೆವ್ವವನ್ನು ನೋಡಿ ಹೆದರಿದರೋ, ಇದೂ ಒಂದು ಅನುಕೂಲವೇ ಅಂದುಕೊಂಡರೋ ಯಾರೂ ಕೇಳಲಿಲ್ಲ. ಸೊಸೆಯಾದವಳು ಮನೆಮಂದಿಗೆ ಬೇಯಿಸಿ ಹಾಕಲು ತನ್ನನ್ನೇ ಉರಿಸಿಕೊಳ್ಳಬೇಕು ಎನ್ನುವುದನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಯಾವ ಕಿರುಚಿತ್ರವೂ ಇಷ್ಟು ನೇರವಾಗಿ ತೋರಿಸಿದ್ದನ್ನು ನಾನು ನೋಡಿಲ್ಲ.

ಆಚಾರ್ಯರ ಮಿತವ್ಯಯದ ಬಗ್ಗೆ ಚಿತ್ರರಂಗದಲ್ಲಿ ಒಂದು ಕಥೆ ಓಡಾಡುತ್ತದೆ. ನಾಯಕ ಡೇಟ್ಸ್ ಕೊಡದೆ ಸತಾಯಿಸಿದರೆ ಅವರು ಜಗಳಕ್ಕೆ ಹೋಗುತ್ತಿರಲಿಲ್ಲವಂತೆ. ಕಥೆಯೊಳಗೆ ಒಬ್ಬ ಋಷಿಯನ್ನು ಕರೆಸಿ ನಾಯಕನಿಗೆ ಶಾಪ ಕೊಡಿಸಿ, ಅವನನ್ನು ಗಿಳಿಯನ್ನೋ ಮೇಕೆಯನ್ನೋ ಮಾಡಿ ಚಿತ್ರೀಕರಣ ಮುಂದುವರಿಸುತ್ತಿದ್ದರಂತೆ. ಮೇಷ್ಟರು ಇಲ್ಲದ ಶಾಲೆಯಲ್ಲಿ ಅತಿಥಿ ಶಿಕ್ಷಕರನ್ನು ಕೂರಿಸಿ ವರ್ಷ ಮುಗಿಸುವ ನಮ್ಮ ಇಲಾಖೆಗೆ ಈ ತಂತ್ರ ಹೊಸದಲ್ಲ. ಆದರೆ ಮೇಕೆಗೆ ಕೊನೆಯ ರೀಲಿನಲ್ಲಾದರೂ ಶಾಪವಿಮೋಚನೆ ಸಿಗುತ್ತಿತ್ತು. ಅತಿಥಿ ಶಿಕ್ಷಕರು ವರ್ಷಾನುಗಟ್ಟಲೆ ಅತಿಥಿಗಳಾಗಿಯೇ ಇರುತ್ತಾರೆ.

ಈಗ ಎರಡನೆಯ ಸರಕಿನ ವಿಚಾರ. ಕೇಂದ್ರ ಸರ್ಕಾರ 1948ರಲ್ಲಿ ಫಿಲ್ಮ್ಸ್ ಡಿವಿಷನ್ ಎಂಬುದನ್ನು ಕಟ್ಟಿತು. ಅದು ತೆಗೆದ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ಪ್ರತಿ ಆಟಕ್ಕೂ ಮುಂಚೆ ತೋರಿಸಲೇಬೇಕು ಎಂಬುದು ಟಾಕೀಸಿನ ಪರವಾನಗಿಯ ಷರತ್ತು. ತೋರಿಸಿದ್ದಕ್ಕೆ ಟಾಕೀಸಿನವನೇ ಬಾಡಿಗೆ ಕಟ್ಟಬೇಕು. ಉಪದೇಶ ಕೇಳುವವನ ಕೈಯಿಂದಲೇ ಉಪದೇಶದ ಖರ್ಚನ್ನು ವಸೂಲಿ ಮಾಡುವ ಈ ವ್ಯವಸ್ಥೆ ಬಹಳ ಕಾಲ ನಡೆಯಿತು. ಟೆಂಟಿನಲ್ಲಿ ಘಂಟಸಾಲ ಹಾಡಿನಲ್ಲಿ ವೆಂಕಟೇಶನಿಗೆ ಕೈಮುಗಿದು ಮುಗಿಸಿದ ಮೇಲೆ ಪರದೆಯ ಮೇಲೆ ಅಣೆಕಟ್ಟು, ಟ್ರ್ಯಾಕ್ಟರು, ಕುಟುಂಬ ಯೋಜನೆಯ ಕೆಂಪು ತ್ರಿಕೋನ. ನೆಲದ ಮೇಲೆ ಕೂತವರಿಗೆ ಅದು ಬೀಡಿ ಸೇದಿ ಬರುವ ಹೊತ್ತು. ಸಿನಿಮಾ ಎಷ್ಟು ಹೊತ್ತಿಗೆ ಶುರು ಎಂದು ಯಾರಾದರೂ ಕೇಳಿದರೆ, ಸರ್ಕಾರದ್ದು ಮುಗಿದ ಮೇಲೆ ಎನ್ನುವುದೇ ಉತ್ತರ. 2022ರ ಮಾರ್ಚಿನಲ್ಲಿ ಫಿಲ್ಮ್ಸ್ ಡಿವಿಷನ್ನನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ (ಎನ್‌ಎಫ್‌ಡಿಸಿ) ವಿಲೀನ ಮಾಡಿದರು. ಬೀಡಿ ಸೇದಲು ಎದ್ದುಹೋದವರಿಗೆ ಅದೂ ಗೊತ್ತಾಗಲಿಲ್ಲ.

ಇದು ನಮ್ಮಲ್ಲಿ ಮಾತ್ರ ಇದ್ದ ರೋಗ ಅಂದುಕೊಳ್ಳಬೇಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಹೈಸ್ಕೂಲುಗಳಲ್ಲಿ 16 ಎಂಎಂ ಪ್ರೊಜೆಕ್ಟರಿಟ್ಟು ಮಕ್ಕಳಿಗೆ ನಡತೆ ಕಲಿಸುವ ಹತ್ತು ನಿಮಿಷದ ಚಿತ್ರಗಳ ಸುಗ್ಗಿಯೇ ನಡೆಯಿತು. ಕೊರೋನೆಟ್ ಕಂಪನಿ 1947ರಲ್ಲಿ ‘ಆರ್ ಯೂ ಪಾಪ್ಯುಲರ್?’, 1949ರಲ್ಲಿ ‘ಡೇಟಿಂಗ್: ಡೂಸ್ ಅಂಡ್ ಡೋಂಟ್ಸ್’ ತೆಗೆಯಿತು. ಹುಡುಗಿಯನ್ನು ಜಾತ್ರೆಗೆ ಕರೆದೊಯ್ಯುವುದು ಹೇಗೆ, ಮನೆ ಬಾಗಿಲಲ್ಲಿ ಗುಡ್‌ನೈಟ್ ಹೇಳುವುದು ಹೇಗೆ ಎಂದೆಲ್ಲ ಪಾಠ. ಆ ಕಂಪನಿಯ ಯಜಮಾನ ಡೇವಿಡ್ ಸ್ಮಾರ್ಟ್ ಗಂಡಸರ ಪತ್ರಿಕೆ ‘ಎಸ್ಕ್ವೈರ್’ನ ಪ್ರಕಾಶಕ. ಅಪ್ಪಂದಿರಿಗೆ ಸುಂದರಿಯರ ಚಿತ್ರ ಮಾರಿ, ಅದೇ ಗಲ್ಲಾಪೆಟ್ಟಿಗೆಯಿಂದ ಮಕ್ಕಳಿಗೆ ಸಂಯಮ ಕಲಿಸಿದ ಮಹಾನುಭಾವ. ಸಿಡ್ ಡೇವಿಸ್ ಎಂಬ ಇನ್ನೊಬ್ಬ ಜಾನ್ ವೇಯ್ನ್ ಕೈಯಿಂದ ಸಾವಿರ ಡಾಲರ್ ಸಾಲ ತಂದು ಶುರು ಮಾಡಿದ. ಅವನ ಚಿತ್ರಗಳಲ್ಲಿ ಹೇಳಿದ ಮಾತು ಕೇಳದ ಮಗುವಿಗೆ ಅಪಾಯ ತಪ್ಪಿದ್ದಲ್ಲ. ಯಮನಿಗೆ ಅಷ್ಟು ಓವರ್‌ಟೈಮ್ ಕೊಡಿಸಿದ ಶಿಕ್ಷಣತಜ್ಞ ಇನ್ನೊಬ್ಬನಿಲ್ಲ.

ಇವರೆಲ್ಲರಿಗಿಂತ ನನಗೆ ಇಷ್ಟವಾದವನು ಹರ್ಕ್ ಹಾರ್ವೆ. ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ಸೆಂಟ್ರಾನ್ ಕಂಪನಿಯಲ್ಲಿ ಶಾಲೆಗಳಿಗೂ ಕಾರ್ಖಾನೆಗಳಿಗೂ ಬುದ್ಧಿ ಹೇಳುವ ಚಿತ್ರ ತೆಗೆಯುವುದು ಅವನ ಸಂಬಳದ ಕೆಲಸ. ಆತ ರಜೆ ಹಾಕಿ, ಊರವರಿಂದ ದುಡ್ಡು ಸೇರಿಸಿ, 1962ರಲ್ಲಿ ‘ಕಾರ್ನಿವಲ್ ಆಫ್ ಸೋಲ್ಸ್’ ಎಂಬ ದೆವ್ವದ ಚಿತ್ರ ತೆಗೆದ. ಆತ ವರ್ಷಾನುಗಟ್ಟಲೆ ದುಡಿದು ತೆಗೆದ ಉಪದೇಶಗಳನ್ನು ಇವತ್ತು ನಗುವುದಕ್ಕೆ ನೋಡುತ್ತಾರೆ. ರಜೆಯಲ್ಲಿ ತೆಗೆದ ದೆವ್ವವನ್ನು ಮಾತ್ರ ಗಂಭೀರವಾಗಿ ನೋಡುತ್ತಾರೆ. ಸಂಬಳಕ್ಕೆ ಹೆದರಿಸುವುದಕ್ಕೂ ಮನಸ್ಸಿಟ್ಟು ಹೆದರಿಸುವುದಕ್ಕೂ ವ್ಯತ್ಯಾಸ ಇರಲೇಬೇಕಲ್ಲ.

ಅದೇ ಕಾಲದ ಎರಡು ಅಗ್ಗದ ಚಿತ್ರಗಳನ್ನು ಶಿಕ್ಷಕರನ್ನು ತಯಾರಿಸುವ ನಮ್ಮ ಡಯಟ್‌ನವರು ತರಬೇತಿಗೆ ಇಟ್ಟುಕೊಳ್ಳಬೇಕು. ಒಂದು 1957ರ ‘ಐ ವಾಸ್ ಎ ಟೀನೇಜ್ ವೇರ್‌ವುಲ್ಫ್’. ಹೈಸ್ಕೂಲು ಹುಡುಗನೊಬ್ಬನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಪೊಲೀಸಿನವರ ಸಲಹೆಯಂತೆ ಮನೋವೈದ್ಯರ ಹತ್ತಿರ ಹೋಗುತ್ತಾನೆ. ಸರಿಮಾಡುತ್ತೇನೆಂದು ಒಪ್ಪಿಕೊಂಡ ವೈದ್ಯರು ಅವನಿಗೆ ಸಂಮೋಹನ ಮಾಡಿ ತೋಳವನ್ನಾಗಿ ಮಾಡುತ್ತಾರೆ. ಅವನು ಶಾಲೆಯಲ್ಲಿ ತೋಳವಾಗುವುದು ಯಾವಾಗ ಗೊತ್ತೆ? ಗಂಟೆ ಹೊಡೆದಾಗ. ಇನ್ನೊಂದು 1958ರ ‘ದಿ ಬ್ಲಾಬ್’. ಆಕಾಶದಿಂದ ಬಿದ್ದ ಲೋಳೆ ಜನರನ್ನು ನುಂಗುತ್ತಾ ಬೆಳೆಯುತ್ತದೆ. ಅದರ ಅಪಾಯವನ್ನು ಮೊದಲು ಕಂಡವರು ಊರಿನ ಹುಡುಗರು. ಪೊಲೀಸರೂ ಅಪ್ಪಂದಿರೂ ನಂಬುವುದಿಲ್ಲ. ಈ ವಯಸ್ಸಿನವರದ್ದೆಲ್ಲ ಕಿತಾಪತಿ ಅನ್ನುತ್ತಾರೆ. ಲೋಳೆ ಸೀದಾ ಸಿನಿಮಾ ಟಾಕೀಸಿಗೇ ನುಗ್ಗಿದ ಮೇಲೆ ದೊಡ್ಡವರು ಕಣ್ಣು ಬಿಡುತ್ತಾರೆ.

ಎರಡು ಸರಕುಗಳ ನಿಜವಾದ ವ್ಯತ್ಯಾಸ ಇಲ್ಲಿದೆ. ದೆವ್ವದ ಸಿನಿಮಾದಲ್ಲಿ ದೆವ್ವವನ್ನು ಮೊದಲು ಕಾಣುವವರು ಹುಡುಗರು. ಬುದ್ಧಿ ಹೇಳುವ ಸಿನಿಮಾದಲ್ಲಿ ಹುಡುಗರೇ ದೆವ್ವ.

ನಮ್ಮ ಜನ ಇದನ್ನು ಅರಿಯದವರಲ್ಲ. 1972ರಲ್ಲಿ ಶಿರಾದ ಪಕ್ಕದ ಜಿಲ್ಲೆ ಚಿತ್ರದುರ್ಗದ ಕೋಟೆಯಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ತೆಗೆದರು. ತ.ರಾ.ಸು. ಕಾದಂಬರಿಗಳ ಕಥೆ. ಕಾಲೇಜು ಹುಡುಗ ರಾಮಾಚಾರಿ ಇಡೀ ಊರಿಗೆ ಹಾವು, ಚಾಮಯ್ಯ ಮೇಷ್ಟರಿಗೊಬ್ಬರಿಗೆ ಮಗ. ಮೇಷ್ಟರ ಮೇಲಿನ ಪ್ರೀತಿಗೆ ಹುಡುಗ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಟ್ಟ. ಅವಳ ಬಾಳು ಹಾಳಾಯಿತು. ಎರಡನೇ ಸಲ, ಹುಡುಗ ಮಾರ್ಗರೆಟ್ಟಳನ್ನು ಪ್ರೀತಿಸಿದಾಗ, ಮೇಷ್ಟರು ಬುದ್ಧಿ ಹೇಳಲು ಬೆಟ್ಟ ಹತ್ತಿದರು. ಮೇಷ್ಟರೂ ಹೋದರು, ಹುಡುಗನೂ ಹೋದ, ಮಾರ್ಗರೆಟ್ಟೂ ಹೋದಳು. ಒಳ್ಳೆಯ ಮನಸ್ಸಿನ ಉಪದೇಶ ಮೂರು ಹೆಣ ಕೆಡವಿದ ಚಿತ್ರವನ್ನು ಜನ ನೂರಾರು ದಿನ ನೋಡಿದರು. ಆದರೂ ಶಾಲಾ ವಾರ್ಷಿಕೋತ್ಸವದ ವೇದಿಕೆ ಹತ್ತಿದ ಮುಖ್ಯ ಅತಿಥಿಗಳು ಇವತ್ತಿಗೂ, ಚಾಮಯ್ಯ ಮೇಷ್ಟರಂಥ ಗುರುಗಳು ಬೇಕು ಅನ್ನುತ್ತಾರೆ. ಸಿನಿಮಾ ಪೂರ್ತಿ ನೋಡದೆ ಎದ್ದುಬಂದವರ ಸಂಖ್ಯೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರಬೇಕು.

ಇಲಾಖೆಯ ದಾರಿ ಇನ್ನೂ ಸುಲಭದ್ದು. 2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮ ತಂದಿತು. ಮೈಯಲ್ಲಿ ಆಗುವ ಬದಲಾವಣೆ, ಎಚ್‌ಐವಿ, ಬೇಡ ಎನ್ನುವುದು ಹೇಗೆ ಎಂಬ ಪಾಠಗಳು. 2007ರಲ್ಲಿ ಒಂದೊಂದೇ ರಾಜ್ಯ ಇದನ್ನು ನಿಷೇಧಿಸುತ್ತಾ ಹೋಯಿತು. ಆ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ, ಇಂಥದ್ದೆಲ್ಲ ಪಿಯುಸಿ ಮಟ್ಟಕ್ಕಿಂತ ಕೆಳಗೆ ಬೇಡ ಎಂದು ವರದಿ ಕೊಟ್ಟಿತು. ಹದಿಮೂರನೇ ವಯಸ್ಸಿಗೆ ಬರುವ ಬದಲಾವಣೆಯ ವಿಷಯವನ್ನು ಹದಿನೇಳನೇ ವಯಸ್ಸಿನಲ್ಲಿ ತಿಳಿಸತಕ್ಕದ್ದು! ತೊಂಬತ್ತರ ದಶಕದಲ್ಲಿ ಊರೂರಲ್ಲೂ ಜನ ದೆವ್ವ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರು. ಪ್ರೌಢಾವಸ್ಥೆಯ ಬಾಗಿಲ ಮೇಲೂ ಹಾಗೆಯೇ ಬರೆದರೆ ವಾಪಸು ಹೋಗುತ್ತದೆ ಎಂದು ಸಮಿತಿಯವರು ನಂಬಿದ್ದಿರಬೇಕು.

ಹೀಗಿದ್ದೂ ಒಂದು ಅಧ್ಯಾಯ ಕಣ್ತಪ್ಪಿಸಿ ಉಳಿದುಕೊಂಡಿದೆ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಚಿತ್ರ ಸಮೇತ ಇದೆ. ಅದು ನಮ್ಮ ಹಲವು ತರಗತಿಗಳಲ್ಲಿ ನಡೆಯುವ ರೀತಿ ಹೀಗೆ. ಅಮೀಬಾ ಎರಡಾಗುತ್ತದೆ: ಒಂದು ಪೀರಿಯಡ್. ದಾಸವಾಳ ತನ್ನಿ ಅನ್ನುತ್ತಾರೆ, ಹುಡುಗಿಯರು ತರುತ್ತಾರೆ. ಎಸಳು ಬಿಡಿಸಿ, ಕೇಸರ, ಶಲಾಕೆ, ಅಂಡಾಶಯ ಎಂದು ಬ್ಲೇಡಿನಿಂದ ಸೀಳಿ ತೋರಿಸಿ, ಬಣ್ಣದ ಸೀಮೆಸುಣ್ಣದಲ್ಲಿ ಬರೆಸಿ ಭಾಗ ಗುರುತಿಸುತ್ತಾರೆ: ಎರಡು ಪೀರಿಯಡ್. ಮಾರನೇ ದಿನ ಪುಟ ತಿರುವಿದರೆ ಮನುಷ್ಯ. ‘ಇದು ಸುಲಭ ಐತೆ, ಮನೇಲಿ ಓದ್ಕಳಿ.’ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು. ‘ಯಾಕ್ಲಾ ನಗ್ತೀಯ?’ ‘ಏನೂ ಇಲ್ಲ ಸಾ.’ ಏನೂ ಇಲ್ಲ ಎಂದು ಅವನು ಹೇಳುವುದೂ, ಏನೂ ಇಲ್ಲವೆಂದು ಇವರು ಒಪ್ಪುವುದೂ, ಅಲ್ಲಿಗೆ ಪಾಠ ಮುಗಿಯುವುದು. ಮನೆಯಲ್ಲಿ ಓದಿಕೊಳ್ಳಿ ಅಂದ ಪಾಠವನ್ನು ಹುಡುಗ ಓದುವುದು ಮೊಬೈಲಿನಲ್ಲಿ, ಅದೂ ಬೇರೆ ಸಿಲಬಸ್ಸಿನದು.

ಪಾಠ ಬಿಟ್ಟದ್ದಕ್ಕೆ ಪ್ರಾಯಶ್ಚಿತ್ತವಾಗಿ ವರ್ಷಕ್ಕೊಮ್ಮೆ ಅರಿವು ಕಾರ್ಯಕ್ರಮ ನಡೆಯುತ್ತದೆ. ಫ್ಲೆಕ್ಸು, ದೀಪ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಹಣ್ಣಿನ ಬುಟ್ಟಿ. ಅತಿಥಿಗಳು ಶಾಮಿಯಾನದ ನೆರಳಲ್ಲಿ, ಹದಿಹರೆಯ ಬಿಸಿಲಲ್ಲಿ. ಮುಖ್ಯ ಭಾಷಣಕಾರರು ಮೊಬೈಲ್ ಕೆಟ್ಟದ್ದು ಎಂದು ಮೊಬೈಲಿನಲ್ಲಿ ಬರೆದುಕೊಂಡು ಬಂದದ್ದನ್ನು ನೋಡಿಕೊಂಡು ಹೇಳುತ್ತಾರೆ. ಹುಡುಗಿಯರು ತಲೆ ತಗ್ಗಿಸಿ ನಡೆಯಬೇಕು, ಹುಡುಗರು ತಲೆ ಎತ್ತಿ ಬಾಳಬೇಕು. ಒಟ್ಟಿನಲ್ಲಿ ಇಬ್ಬರೂ ಎದುರಿಗೆ ನೋಡಬಾರದು. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಯಾರೂ ಕೇಳುವುದಿಲ್ಲ. ಕೇಳಿದವರ ಹೆಸರನ್ನು ಸ್ಟಾಫ್ ರೂಮಿನಲ್ಲಿ ನೆನಪಿಟ್ಟುಕೊಳ್ಳುತ್ತಾರೆಂದು ಎಲ್ಲರಿಗೂ ಗೊತ್ತು. ವಂದನಾರ್ಪಣೆಯ ನಂತರ ಫೋಟೊ ವಾಟ್ಸ್‌ಆಪ್ ಗ್ರೂಪಿಗೆ ಹೋಗುತ್ತದೆ. ಗ್ರೂಪಿನಲ್ಲಿ ಮೂವತ್ತು ಚಪ್ಪಾಳೆ ಬಿದ್ದರೆ ಅರಿವು ಮೂಡಿತು ಎಂದರ್ಥ.

ಇನ್ನು ಇಲಾಖೆಯ ಹೊಸ ಚಿತ್ರದ ವಿಮರ್ಶೆ. 2024ರ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರಗಳಲ್ಲಿ ಸಿಸಿಟಿವಿ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಹದಿಹರೆಯದವರ ನಡವಳಿಕೆಯ ಬಗ್ಗೆ ಈ ದೇಶದಲ್ಲಿ ತಯಾರಾದ ಬೃಹತ್ ಸಾಕ್ಷ್ಯಚಿತ್ರ ಇದೇ ಇರಬೇಕು. ಪಾತ್ರವರ್ಗ ಎಂಟು ಲಕ್ಷಕ್ಕೂ ಮೇಲೆ. ಸಂಭಾವನೆ ಇಲ್ಲ. ಅವಧಿ ಮೂರೂಕಾಲು ಗಂಟೆ, ಇಂಟರ್‌ವಲ್ ಇಲ್ಲ, ಹಾಡಿಲ್ಲ, ಸಂಭಾಷಣೆ ಇಲ್ಲ. ಕ್ಯಾಮೆರಾ ಗೋಡೆಯ ಮೂಲೆ ಬಿಟ್ಟು ಅಲುಗಾಡುವುದಿಲ್ಲ. ನಾಯಕ ಪ್ರಶ್ನೆಪತ್ರಿಕೆ ನೋಡುತ್ತಾನೆ, ಫ್ಯಾನು ನೋಡುತ್ತಾನೆ, ಮತ್ತೆ ಪ್ರಶ್ನೆಪತ್ರಿಕೆ ನೋಡುತ್ತಾನೆ. ಪ್ರೇಕ್ಷಕರು ಕಚೇರಿಯಲ್ಲಿ ಬಾದಾಮಿ ಹಾಲು ಕುಡಿಯುತ್ತಾ ಕೂತ ಅಧಿಕಾರಿಗಳು. ಕ್ಲೈಮ್ಯಾಕ್ಸ್ ಮಾತ್ರ ಅನಿರೀಕ್ಷಿತ: ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 20ರವರೆಗೆ ಏರಿಸಿದ ಮೇಲೆ. ಕೃಪಾಂಕ ಏರಿಸದಿದ್ದರೆ ಇನ್ನೆಲ್ಲಿಗೆ ಇಳಿಯುತ್ತಿತ್ತೋ.

ಮಕ್ಕಳು ಕಾಪಿ ಮಾಡುವುದನ್ನು ಹಿಡಿಯಲು ಇಟ್ಟ ಕ್ಯಾಮೆರಾ ಹಿಡಿದದ್ದು ಬೇರೆಯವರನ್ನು. ಇಷ್ಟು ವರ್ಷ ಶೇಕಡಾವಾರನ್ನು ಕಿಟಕಿಯಿಂದ ಒಳಗೆ ಎಸೆಯುತ್ತಿದ್ದವರು ಯಾರು, ಬೋರ್ಡಿನ ಮೇಲೆ ಬರೆದು ಒರೆಸುತ್ತಿದ್ದವರು ಯಾರು, ಜಿಲ್ಲೆಯ ಸ್ಥಾನ ಏರಿದೆ ಎಂದು ಸಿಹಿ ಹಂಚುತ್ತಿದ್ದವರು ಯಾರು? ಅವರ್ಯಾರೂ ಹದಿನಾರು ವಯಸ್ಸಿನವರಲ್ಲ. ದೆವ್ವ ಹಿಡಿಯಲು ಹೋದ ಮಾಂತ್ರಿಕನ ಕೊರಳಿಗೇ ತಾಯಿತ ಸಿಕ್ಕಿಕೊಂಡಿತು. ವಿಠಲಾಚಾರ್ಯರೂ ಇಂಥ ಟ್ವಿಸ್ಟ್ ಕೊಟ್ಟಿರಲಿಲ್ಲ.

ಇತ್ತ, ಕ್ಯಾಮೆರಾ ತಿರುಗದ ಕಡೆ ನಿಜವಾದ ರಾಕ್ಷಸರು ಆರಾಮಾಗಿದ್ದಾರೆ. ಪಾವಗಡದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಬಣ್ಣ ಹಚ್ಚಿಕೊಂಡು ಬರುವುದಿಲ್ಲ, ಅಬ್ಬರಿಸುವುದಿಲ್ಲ. ಮೊದಲು ಹಲ್ಲಿಗೆ ಕಂದು ಪಟ್ಟೆ ಎಳೆಯುತ್ತದೆ, ಆಮೇಲೆ ಮೂಳೆಗೆ ಇಳಿಯುತ್ತದೆ. ಅದೇ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಹಾಸಿದ ಸೌರಫಲಕಗಳಿಂದ 2,050 ಮೆಗಾವಾಟ್ ವಿದ್ಯುತ್ ಬರುತ್ತದೆ. ದೆವ್ವಕ್ಕೆ ಕತ್ತಲೇ ಸಿಗದಷ್ಟು ಬೆಳಕು. ಆ ಬೆಳಕಿನಲ್ಲಿ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವುದು ಮಾತ್ರ ಯಾರಿಗೂ ಕಾಣುವುದಿಲ್ಲ. ಇನ್ನೊಬ್ಬ ರಾಕ್ಷಸ ಬೇಸಿಗೆ ರಜೆಯಲ್ಲಿ ಬರುತ್ತಾನೆ, ಲಗ್ನಪತ್ರಿಕೆಯ ವೇಷದಲ್ಲಿ. ಜೂನಿನಲ್ಲಿ ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬರುವುದಿಲ್ಲ. ಗೆಳತಿಯರಿಗೆ ಗೊತ್ತಿರುತ್ತದೆ. ಅವರಲ್ಲೊಬ್ಬಳು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದರೆ ಮದುವೆ ನಿಲ್ಲುತ್ತಿತ್ತು. ಆದರೆ ಆ ನಂಬರಿಗೆ ಫೋನ್ ಮಾಡುವುದು ಮೊಬೈಲಿನಿಂದ; ಮೊಬೈಲ್ ಮುಟ್ಟಿದವಳು ಹಾಳಾದಳು ಎಂದು ಅರಿವು ಕಾರ್ಯಕ್ರಮದಲ್ಲಿ ಆಗಲೇ ಹೇಳಿಯಾಗಿದೆ. ಲೋಳೆಯನ್ನು ಮೊದಲು ಕಂಡವರು ಇಲ್ಲೂ ಹುಡುಗರೇ, ನಂಬದವರು ಇಲ್ಲೂ ನಾವೇ.

ಆದ್ದರಿಂದ ಮಧುಗಿರಿ ಜಿಲ್ಲೆಯ ಹಿರಿಯರಲ್ಲಿ, ಅಧಿಕಾರಿಗಳಲ್ಲಿ, ಮುಖ್ಯ ಅತಿಥಿಗಳಲ್ಲಿ ಒಂದು ಅರಿಕೆ. ಹದಿಹರೆಯದವರನ್ನು ಹೆದರಿಸುವ ಗುತ್ತಿಗೆಯನ್ನು ದೆವ್ವಗಳಿಗೇ ಬಿಟ್ಟುಕೊಡಿ. ಆ ಕೆಲಸ ಅವಕ್ಕೆ ನಿಮಗಿಂತ ಚೆನ್ನಾಗಿ ಬರುತ್ತದೆ, ಮೇಲಾಗಿ ಅವು ಹಾರ–ಶಾಲು ಕೇಳುವುದಿಲ್ಲ. ಈ ವರ್ಷದ ಅರಿವು ಕಾರ್ಯಕ್ರಮಕ್ಕೆ ಫ್ಲೆಕ್ಸ್ ಮಾಡಿಸುವ ದುಡ್ಡಿನಲ್ಲಿ ಶಾಲೆಗೆ ಕುಡಿಯುವ ನೀರು ತರಿಸಿ. ವಿಜ್ಞಾನದ ಮೇಷ್ಟರಿಗೂ ಮೇಡಮ್ಮಿಗೂ ಹೇಳಬೇಕಾದ್ದು ಇನ್ನೂ ಚಿಕ್ಕದು: ದಾಸವಾಳ ಮುಗಿಯಿತು, ಮುಂದಿನ ಪುಟ ತೆಗೆಯಿರಿ, ಬಾಗಿಲು ಹಾಕದೆ ಪಾಠ ಮಾಡಿ.